ಅತ್ತೆ ಮೌಸ್ ಹಿಡಿದು ಊರಿಗೆ ಹೋದದ್ದು

ಮಂಡಿ ಆಪರೇಷನ್ ಆದ ಮೇಲೆ ಆರು ತಿಂಗಳು ಬಸ್ಸು ಹತ್ತಬಾರದು ಎಂದು ಡಾಕ್ಟರು ಹೇಳಿದ ದಿನದಿಂದ ನಮ್ಮ ಅತ್ತೆಗೆ ತವರೂರಿನ ನೆನಪು ಹತ್ತಿಕೊಂಡಿತು. ಅದಕ್ಕೆ ಮುಂಚೆ ಎಷ್ಟೋ ವರ್ಷ ಅವರು ಗೋಪಿನಾಥಂ ಕಡೆ ಹೋಗಿರಲಿಲ್ಲ. ಅಲ್ಲಿದ್ದ ತಮ್ಮ ತೀರಿಕೊಂಡು, ಅವನ ಮಕ್ಕಳು ಮನೆಯನ್ನು ಬೇರೆಯವರಿಗೆ ಬಿಟ್ಟು ತಮಿಳುನಾಡಿನ ಕಡೆ ಸೇರಿಕೊಂಡಿದ್ದರು. ಉಳಿದ ಅಕ್ಕ ಒಬ್ಬರು ಮಾರ್ಟಳ್ಳಿಯಲ್ಲಿ ಮಗನ ಜೊತೆ ಇದ್ದರು. ಹೋಗಿ ಇಳಿಯಲು ಒಂದು ಮನೆ ಇಲ್ಲದ ಊರು ಅದು. ಆದರೂ ಕೊಳ್ಳೇಗಾಲದ ನಮ್ಮ ನಡುಮನೆಯ ಮಂಚದ ಮೇಲೆ ಕಾಲು ಚಾಚಿ ಕೂತು, ಅತ್ತೆ ದಿನಕ್ಕೊಮ್ಮೆಯಾದರೂ ಅಲ್ಲಿಗೆ ಹೋಗಿ ಬರುತ್ತಿದ್ದರು. ಮಾತಿನ ನಡುವೆ ಕಿಟಕಿ ಕಡೆ ನೋಡತೊಡಗಿದರೆ, ಎಲ್ಲಿದ್ದಾರೆಂದು ನನಗೆ ತಿಳಿಯುತ್ತಿತ್ತು.

ನನಗಾಗ ಬೇಸಿಗೆ ರಜೆ. ಹೈಸ್ಕೂಲಿನಲ್ಲಿ ಕನ್ನಡ ಹೇಳುವುದು ನನ್ನ ಕೆಲಸ. ಪ್ರಶ್ನೆಪತ್ರಿಕೆ, ಅಂಕಪಟ್ಟಿ ತಯಾರಿಸಲೆಂದು ಕೊಂಡ ಕಂಪ್ಯೂಟರು ಅದೇ ನಡುಮನೆಯ ಕಿಟಕಿಯ ಪಕ್ಕ ಇತ್ತು. ನನ್ನ ಗಂಡ ಬೆಳಗಿನ ಬಸ್ಸಿಗೆ ಚಾಮರಾಜನಗರದ ಆಫೀಸಿಗೆ ಹೊರಟರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮಧ್ಯಾಹ್ನಗಳೆಲ್ಲ ನನ್ನವು, ಅತ್ತೆಯವು. ಬೀದಿಯ ಆಚೆ ಯಾರದೋ ಮನೆಯಲ್ಲಿ ರೇಷ್ಮೆ ಮಗ್ಗ ಒಂದೇ ಲಯದಲ್ಲಿ ಬಡಿಯುತ್ತಿತ್ತು. ಸೆಕೆಗೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಎಚ್ಚರವೋ ನಿದ್ದೆಯೋ ಎಂದು ಗೊತ್ತಾಗದ ಹಾಗೆ ಹೊತ್ತು ಸರಿಯುತ್ತಿತ್ತು.

ಅಂಥ ಒಂದು ಮಧ್ಯಾಹ್ನ ಅತ್ತೆ ಕೇಳಿದರು.

"ಅದ್ರೊಳಗ ನಮ್ಮೂರು ಕಾಣ್ತದಾ ಕೂಸು?"

"ಯಾವೂರು ಅತ್ತೆ?"

"ನಮ್ಮೂರು ಕಣವ್ವ. ಪಾಲಾರ್ ದಾಟುದ್ರೆ ಸಿಗ್ತದಲ್ಲ, ಅದು."

ಕಾಣುತ್ತದೆ ಎಂದೆ. ಉಪಗ್ರಹದಿಂದ ತೆಗೆದ ಚಿತ್ರಗಳ ಭೂಪಟ ಇರುತ್ತದೆ, ಮನೆಯ ಮಾಡು ಕೂಡ ಕಾಣುತ್ತದೆ ಎಂದೆ. ಅದನ್ನು ನಾನು ಒಮ್ಮೆಯೂ ತೆರೆದು ನೋಡಿದವಳಲ್ಲ, ಕೇಳಿ ಗೊತ್ತಿತ್ತು ಅಷ್ಟೆ. ಹುಡುಕುವ ಜಾಗದಲ್ಲಿ ನಾಲ್ಕು ಪದ ಟೈಪಿಸಿದೆ. ಮೊದಲು ಬಂದದ್ದನ್ನೇ ಒತ್ತಿದೆ. ಅದು ಜಾಹೀರಾತು ಎಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತಂತೆ. ಆಮೇಲೆ ಬೇರೆಯವರು ತೋರಿಸಿದಾಗ ನನಗೆ ಕಂಡಿತು. ಆ ಪುಟ ಏನೋ ಅನುಮತಿ ಕೇಳಿತು, ಕೊಟ್ಟೆ. ಇನ್ನೇನನ್ನೋ ಇಳಿಸಿಕೊಳ್ಳಬೇಕೆಂದಿತು, ಇಳಿಸಿಕೊಂಡೆ. ಭೂಪಟವೇನೋ ಬಂತು. ಅದರ ಜೊತೆಗೆ ಪರದೆಯ ಬಲಮೂಲೆಯಲ್ಲಿ ಒಂದಾದ ಮೇಲೊಂದು ಚೀಟಿಗಳು ತೇಲಿ ಬರತೊಡಗಿದವು. ತೂಕ ಇಳಿಸುವ ಪುಡಿ, ಗೆದ್ದಿರುವ ಬಹುಮಾನ, ಯಾರೋ ಹೆಂಗಸಿನ ನಗುಮುಖ. ನಾನು ಒಂದನ್ನು ಮುಚ್ಚಿದರೆ ಇನ್ನೊಂದು ಬರುತ್ತಿತ್ತು. ಅವುಗಳ ಹಿಂದೆ, ಕಾಡಿನ ಹಸಿರು ಮಸುಕಾಗಿ ಕಾಣುತ್ತಿತ್ತು.

ಅತ್ತೆ ಅದಕ್ಕೂ ತೃಪ್ತರು. "ಆ ಚೀಟಿ ಸರಿಸು ಕೂಸು, ಅದ್ರ ಕೆಳಗ ಒಳೆ ಅದ," ಎನ್ನುತ್ತಿದ್ದರು. ಹೊಳೆಗೆ ಅವರು ಒಳೆ ಎನ್ನುವುದು. ಅವರ ಮಾತಿನಲ್ಲಿ ಹಕಾರ ಅಪರೂಪ.

ಹೀಗೆ ನಾಲ್ಕೈದು ದಿನ ಕಳೆದಿರಬೇಕು. ಒಂದು ಮಧ್ಯಾಹ್ನ ಮಾದಪ್ಪನ ಬೆಟ್ಟ ದಾಟಿ ಪಾಲಾರ್ ಕಡೆ ಇಳಿಯುವ ತಿರುವುಗಳನ್ನು ನೋಡುತ್ತಿದ್ದಾಗ, ಇಡೀ ಪರದೆ ಕೆಂಪಾಯಿತು. ಸೈರನ್ನಿನಂಥ ಸದ್ದು ಎದ್ದಿತು. ಒಬ್ಬ ಹೆಂಗಸಿನ ದನಿ ಇಂಗ್ಲಿಷಿನಲ್ಲಿ, ನಿಮ್ಮ ಕಂಪ್ಯೂಟರಿಗೆ ವೈರಸ್ ಹೊಕ್ಕಿದೆ, ಆಫ್ ಮಾಡಿದರೆ ಎಲ್ಲವೂ ಅಳಿಸಿಹೋಗುತ್ತದೆ, ಕೂಡಲೇ ಈ ನಂಬರಿಗೆ ಫೋನ್ ಮಾಡಿ ಎಂದು ಬಿಡದೆ ಹೇಳತೊಡಗಿತು. ಮುಚ್ಚಲು ನೋಡಿದೆ, ಮುಚ್ಚಲಿಲ್ಲ. ಹತ್ತು ವರ್ಷದ ಪ್ರಶ್ನೆಪತ್ರಿಕೆಗಳು, ಮಕ್ಕಳ ಅಂಕಪಟ್ಟಿಗಳು, ನನ್ನ ಅಪ್ಪನ ಹಳೆಯ ಫೋಟೋಗಳು ಎಲ್ಲವೂ ಅದರೊಳಗೆ ಇದ್ದವು. ಮೊಬೈಲಿನಲ್ಲಿ ಆ ನಂಬರು ಒತ್ತಿದೆ.

ಎತ್ತಿದವನ ದನಿ ಎಷ್ಟು ಮೆತ್ತಗಿತ್ತೆಂದರೆ, ನನಗೆ ಅಳು ಬರುವಂತಾಯಿತು. "ಗಾಬರಿ ಮಾಡ್ಕೋಬೇಡಿ ಮೇಡಂ, ನಾನಿದ್ದೀನಿ," ಎಂದ. ಕನ್ನಡವೇ ಆಡಿದ. ಹೇಳಿದ ಹಾಗೆ ಒಂದು ಪ್ರೋಗ್ರಾಮ್ ಹಾಕಿಕೊಂಡೆ. ಅದರಲ್ಲಿ ಮೂಡಿದ ಅಂಕಿಗಳನ್ನು ಓದಿ ಹೇಳಿದೆ. ಸೈರನ್ ನಿಂತಿತು. ಆಮೇಲೆ, ಮೌಸಿನ ಮೇಲಿನಿಂದ ನಾನು ಕೈ ತೆಗೆದಿದ್ದರೂ, ಪರದೆಯ ಮೇಲಿನ ಬಾಣ ತಾನಾಗಿಯೇ ಚಲಿಸಿತು.

ಅದನ್ನು ಇವತ್ತಿಗೂ ಕಣ್ಣು ಮುಚ್ಚಿದರೆ ಕಾಣಬಲ್ಲೆ. ಬಿಳಿ ಬಾಣ, ಆತುರವಿಲ್ಲದೆ, ಗುರುತಿರುವ ಮನೆಯಲ್ಲಿ ನಡೆದಾಡುವವರ ಹಾಗೆ, ನನ್ನ ಕಡತಗಳ ಮೇಲೆ ಓಡಾಡಿತು. ಒಂದು ಕಪ್ಪು ಚೌಕ ತೆರೆಯಿತು, ಅದರಲ್ಲಿ ಬಿಳಿ ಅಕ್ಷರಗಳು ಸಾಲುಸಾಲಾಗಿ ಏರಿ ಹೋದವು. ಅವೆಲ್ಲ ನಿಮ್ಮ ಕಂಪ್ಯೂಟರಿಗೆ ನುಗ್ಗಿರುವ ಕಳ್ಳರು ಎಂದ ಅವನು. ನಾನು ನಂಬಿದೆ. ಸೆಕೆ, ಮಗ್ಗದ ಸದ್ದು, ಅವನ ಸಮಾಧಾನದ ದನಿ ಎಲ್ಲ ಸೇರಿ ನಾನು ಕನಸಿನಲ್ಲಿ ಯಾರದೋ ಮಾತು ಕೇಳಿ ನಡೆಯುತ್ತಿರುವ ಹಾಗೆ ಇತ್ತು. "ಈಗ ನಿಮ್ಮ ಬ್ಯಾಂಕಿನ ಪುಟ ತೆಗೀರಿ ಮೇಡಂ, ಅದು ಸರಿ ಇದೆಯಾ ನೋಡೋಣ," ಎಂದ. ನಾನು ಕೀಬೋರ್ಡಿನ ಮೇಲೆ ಬೆರಳಿಟ್ಟೆ.

"ಯಾರ್ ಕೂಸು ಅದು ಓಡಾಡ್ತಿರೋದು? ನಿನ್ ಕೈಯೇ ಇಲ್ವಲ್ಲ ಅದ್ರ ಮ್ಯಾಲೆ," ಎಂದರು ಅತ್ತೆ ಮಂಚದಿಂದ.

"ರಿಪೇರಿ ಮಾಡೋರು ಅತ್ತೆ."

"ಎಲ್ಲವ್ರೆ?"

ನಾನು ಯೋಚಿಸಿದೆ. "ಗೊತ್ತಿಲ್ಲ," ಎಂದೆ.

"ಗೊತ್ತಿಲ್ದೋರ್ನ ಒಳಕ್ಕೆ ಬುಟ್ಕಂಡಿದ್ದಯ?"

ಅಷ್ಟು ಕೇಳಿ ಅವರು ವಾಕರ್ ಹಿಡಿದು ಎದ್ದರು. ಮಂಚದಿಂದ ಗೋಡೆಯ ಸ್ವಿಚ್ಚಿಗೆ ನಾಲ್ಕು ಹೆಜ್ಜೆ. ಆಪರೇಷನ್ ಆದ ಕಾಲು ಅದು, ಪ್ರತಿ ಹೆಜ್ಜೆಗೂ ಮುಖ ಹಿಂಡಿಕೊಂಡರು. ನಾನು ಎದ್ದು ಹಿಡಿದುಕೊಳ್ಳಲಿಲ್ಲ. ಫೋನು ಕಿವಿಗಿಟ್ಟುಕೊಂಡು ಅವರನ್ನೇ ನೋಡುತ್ತ ಕೂತಿದ್ದೆ. ಸ್ವಿಚ್ಚು ಒತ್ತಿದರು. ಪರದೆ ಕಪ್ಪಾಯಿತು. "ಮೇಡಂ? ಮೇಡಂ, ಏನಾಯ್ತು?" ಎಂದು ಆ ಮೆತ್ತಗಿನ ದನಿ ಕೇಳುತ್ತಿತ್ತು. ಮೊದಲ ಸಲ ಅದರಲ್ಲಿ ಸಿಡುಕು ಇಣುಕಿತು. ನಾನು ಫೋನಿಟ್ಟೆ.

ಆ ಸಂಜೆಯ ನಾಚಿಕೆಯನ್ನು ಹೇಗೆ ಹೇಳಲಿ. ಗೊತ್ತಿಲ್ಲದವರಿಗೆ ಒಟಿಪಿ ಹೇಳಬೇಡಿ ಎಂದು ಶಾಲೆಯ ಪ್ರಾರ್ಥನೆಯ ಸಾಲಿನ ಮುಂದೆ ನಿಂತು ಓದಿ ಹೇಳಿದವಳು ನಾನೇ. ಗಂಡ ಬಂದಾಗ ಕಾಫಿ ಕೊಟ್ಟೆ. ಅವರು ಬಟ್ಟೆ ಬದಲಿಸಲು ಒಳಗೆ ಹೋದಾಗ ಅತ್ತೆ ಸಣ್ಣ ದನಿಯಲ್ಲಿ, "ನಾ ಯೋಳಕಿಲ್ಲ ಕೂಸು. ನೀನೇ ಯೋಳು. ಯೋಳುದ್ರೆ ಅಗುರಾಯ್ತದ," ಎಂದರು. ಊಟಕ್ಕೆ ಕೂತಾಗ ಹೇಳಿದೆ. ಅವರು ಬೈಯಲಿಲ್ಲ. ತುತ್ತು ಕೈಯಲ್ಲೇ ಹಿಡಿದುಕೊಂಡು ಪೂರ್ತಿ ಕೇಳಿದರು. ಎಡಗೈಯಲ್ಲೇ ಮೊಬೈಲ್ ತೆಗೆದು ಬ್ಯಾಂಕಿನ ಪಾಸ್‌ಬುಕ್ಕಿನ ಮೇಲೆ ಅಚ್ಚಾಗಿದ್ದ ನಂಬರಿಗೆ ಫೋನ್ ಮಾಡಿ, ನನ್ನ ಖಾತೆಯ ಇಂಟರ್ನೆಟ್ ಬಾಗಿಲನ್ನು ಸದ್ಯಕ್ಕೆ ಮುಚ್ಚಿಸಿದರು. ಏನೂ ಹೋಗಿರಲಿಲ್ಲ. ಬೆಳಗ್ಗೆ ಸೈಬರ್ ಪೊಲೀಸರಿಗೂ ತಿಳಿಸಿದೆವು. ಆದರೂ ಆ ಬಾಣ ನಮ್ಮ ಮನೆಯೊಳಗೆ ಎಲ್ಲೋ ಇನ್ನೂ ಓಡಾಡುತ್ತಿದೆ ಎಂದು ನನಗೆ ಅನಿಸುತ್ತಿತ್ತು. ಮೂರು ದಿನ ಆ ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿ ಇಟ್ಟಿದ್ದೆ.

ಭಾನುವಾರ, ನಾನು ಫೋನಿನಲ್ಲಿ ಹೇಳಿದ್ದನ್ನೆಲ್ಲ ಕೇಳಿ, ನಮ್ಮ ಶಾಲೆಯ ಕಂಪ್ಯೂಟರ್ ಮೇಡಂ ಬಂದರು. ಯಳಂದೂರಿನವರು, ವಾರಕ್ಕೆರಡು ದಿನ ಪಾಠಕ್ಕೆ ಬರುತ್ತಿದ್ದವರು. ನನಗಿಂತ ಹದಿನೈದು ವರ್ಷಕ್ಕಾದರೂ ಚಿಕ್ಕವರು. ಸ್ಕೂಟರಿನಲ್ಲಿ ಬಂದು, ಹೆಲ್ಮೆಟ್ಟನ್ನು ಅತ್ತೆಯ ಮಂಚದ ತುದಿಗಿಟ್ಟು, ಟವೆಲ್ ತೆಗೆದು ಮಡಚಿ ನನ್ನ ಕೈಗೆ ಕೊಟ್ಟರು. ಮೊದಲು ಇಂಟರ್ನೆಟ್ಟಿನ ತಂತಿ ಕಿತ್ತರು. ನನ್ನ ಪ್ರಶ್ನೆಪತ್ರಿಕೆ, ಅಪ್ಪನ ಫೋಟೋ ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ಇಳಿಸಿದರು. ಆಮೇಲೆ ಒಳಗಿನದೆಲ್ಲ ಅಳಿಸಿ ಹೊಸದಾಗಿ ಹಾಕಲು ಶುರುಮಾಡಿದರು.

"ಆ ಕೆಂಪು ಪುಟ ಐತಲ್ಲ ಮೇಡಂ, ಅದು ಬರೀ ಒಂದು ಪುಟ ಕಣ್ರಿ," ಎಂದರು ಕೆಲಸ ಮಾಡುತ್ತಲೇ. "ನಿಮ್ಮ ಕಂಪ್ಯೂಟರ್ ಒಳಗೆ ಏನಿದೆ ಅಂತ ಅದಕ್ಕೆ ಗೊತ್ತೇ ಇರಲ್ಲ. ಕೂಗುತ್ತೆ ಅಷ್ಟೇ. ನೀವು ಬ್ರೌಸರ್ ಮುಚ್ಚಿದ್ರೆ ಮುಗೀತು. ಮುಚ್ಚೋಕೆ ಆಗ್ಲಿಲ್ವಾ, ಕಂಪ್ಯೂಟರೇ ಆಫ್ ಮಾಡಿ. ಅಜ್ಜಿ ಮಾಡಿದ್ದೇ ಸರಿ."

"ಆಫ್ ಮಾಡಿದ್ರೆ ಎಲ್ಲ ಹೋಗುತ್ತೆ ಅಂತಿತ್ತು."

"ಹೋಗಲ್ಲ. ನೀವು ಆಫ್ ಮಾಡಬಾರದು, ಅದಕ್ಕೇ ಅಂಗೆ ಹೇಳ್ತಾರೆ." ಇನ್ನೊಂದು ಗುಂಡಿ ಒತ್ತಿ ಸೇರಿಸಿದರು. "ನಿಜವಾದ ಎಚ್ಚರಿಕೆಲಿ ಫೋನ್ ನಂಬರ್ ಇರಲ್ಲ ಮೇಡಂ. ನಂಬರ್ ಕಂಡ್ರೆ ಅದು ಸುಳ್ಳು ಅಂದ್ಕಳಿ."

ಅವರು ಇಡೀ ದಿನ ಇದ್ದರು. ಪಾಸ್‌ವರ್ಡುಗಳನ್ನು ನನ್ನ ಮೊಬೈಲಿನಿಂದಲೇ ಬದಲಿಸಿದರು. ಎಲ್ಲದಕ್ಕೂ ಒಂದೇ ಇಟ್ಟಿದ್ದೆ, ದೂರದ ಊರಿನಲ್ಲಿ ಕೆಲಸದಲ್ಲಿರುವ ನನ್ನ ಮಗಳ ಹೆಸರು ಮತ್ತು ಹುಟ್ಟಿದ ವರ್ಷ. ಈಗ ಒಂದೊಂದಕ್ಕೆ ಒಂದೊಂದು, ಸಂಬಂಧವಿಲ್ಲದ ನಾಲ್ಕು ಪದಗಳನ್ನು ಸಾಲಾಗಿ ಪೋಣಿಸಿ ಮಾಡಬೇಕು ಎಂದರು. ಈ ಕೆಲಸ ನನಗೆ ಇಷ್ಟವಾಯಿತು. ಎಲ್ಲಿಂದಲೋ ಪದಗಳು ಬಂದವು, ಒಂದರ ಪಕ್ಕ ಒಂದು ಕೂತವು. ಅವನ್ನು ಹೇಳುವಂತಿಲ್ಲ, ಆದರೆ ಕೆಲವು ನಾನು ಆಗೀಗ ಬರೆದ ಯಾವ ಕವಿತೆಯ ಸಾಲಿಗಿಂತಲೂ ಚೆನ್ನಾಗಿವೆ. ನೆನಪಿರುವುದಿಲ್ಲ ಎಂದಾಗ, ಒಂದು ನೋಟ್‌ಬುಕ್ಕಿನಲ್ಲಿ ಬರೆದು ಅಡುಗೆಮನೆಯಲ್ಲಿ ಇಟ್ಟುಕೊಳ್ಳಿ ಎಂದರು. ನಾನು ಬೆರಗಾದೆ.

"ನಿಮಗೆ ಮೋಸ ಮಾಡೋನು ಎಲ್ಲೋ ದೂರದಲ್ಲಿ ಕೂತವ್ನೆ ಮೇಡಂ. ನಿಮ್ಮ ಸಾಸಿವೆ ಡಬ್ಬ ತೆಗೆಯೋಕೆ ಅವ್ನು ಬರಲ್ಲ."

ಅತ್ತೆ ಜೋರಾಗಿ ನಕ್ಕರು. ಆ ಘಟನೆ ಆದಮೇಲೆ ನಮ್ಮ ಮನೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು.

ಮಧ್ಯಾಹ್ನ ಎಲ್ಲರೂ ಮುದ್ದೆ ಉಪ್ಸಾರು ಉಂಡೆವು. ಆಮೇಲೆ ಕಂಪ್ಯೂಟರ್ ಮೇಡಂ ಅತ್ತೆಯ ಕಡೆ ತಿರುಗಿ, "ಅಜ್ಜಿ, ನೀವೇ ನೋಡ್ತೀರಾ ಊರ್ನ?" ಎಂದರು. ನಾನು ಬೇಡವೆನ್ನಲು ಬಾಯಿ ತೆರೆದೆ. ಅತ್ತೆಗೆ ಬಸ್ಸಿನ ಬೋರ್ಡು ಕೂಡಿಸಿಕೊಂಡು ಓದುವಷ್ಟು ಕನ್ನಡ ಬರುತ್ತದೆ, ಅಷ್ಟೆ. ಮೇಡಂ ಆಗಲೇ ಕೆಲಸ ಶುರುಮಾಡಿದ್ದರು. ಅತ್ತೆಗೆಂದೇ ಬೇರೆ ಒಂದು ಖಾತೆ ತೆರೆದರು. ಅದರಿಂದ ಹೊಸ ಪ್ರೋಗ್ರಾಮ್ ಯಾವುದನ್ನೂ ಹಾಕಲು ಆಗುವುದಿಲ್ಲ, ಹಾಗಾಗಿ ಏನು ಒತ್ತಿದರೂ ಭಯವಿಲ್ಲ ಎಂದರು. ಪರದೆಯ ಮಾತೆಲ್ಲ ಕನ್ನಡಕ್ಕೆ ತಿರುಗಿತು. ಅಕ್ಷರ ಎರಡರಷ್ಟಾಯಿತು. ಬಾಣ ಕೋಳಿಮೊಟ್ಟೆಯಷ್ಟು ದಪ್ಪವಾಗಿ ಹಳದಿ ಬಣ್ಣ ತಾಳಿತು. ನಡುಗುವ ಕೈಗೆ ಸರಿಯಾಗಿ ಅದರ ಓಟ ನಿಧಾನವಾಯಿತು. ಜಾಹೀರಾತು ತಡೆಯುವ ಒಂದನ್ನು ಹಾಕಿದರು, ಅನುಮತಿ ಕೇಳುವ ಪುಟಗಳ ಬಾಯಿ ಕಟ್ಟಿದರು. ನಿಜವಾದ ಭೂಪಟದ ಪುಟವನ್ನು ಒಂದೇ ಒಂದು ದೊಡ್ಡ ಗುರುತಾಗಿ ನಡುವೆ ಕೂರಿಸಿದರು. ಇನ್ನು ಹುಡುಕಿಕೊಂಡು ಹೋಗುವುದೇ ಬೇಡ, ಇದನ್ನು ಒತ್ತಿದರೆ ಸಾಕು.

ಕಡೆಗೆ ಒಂದು ಮೈಕು ಚುಚ್ಚಿ, ಊರಿನ ಹೆಸರು ಬಾಯಲ್ಲೇ ಹೇಳಬಹುದು ಎಂದರು. ಅತ್ತೆ ಮೈಕಿನ ಹತ್ತಿರ ಬಾಗಿ, "ಅನೂರು," ಎಂದರು. ಕಂಪ್ಯೂಟರು ಎಲ್ಲೋ ಉತ್ತರದ ಒಂದು ಊರನ್ನು ತಂದು ಮುಂದಿಟ್ಟಿತು. ಮತ್ತೆ "ಅನೂರು" ಎಂದರು. ಮತ್ತೆ ಅದೇ.

"ಹ ಅನ್ನಬೇಕು ಅಜ್ಜಿ. ಹ-ನೂರು."

"ಊಟ ಆದ್ಮ್ಯಾಲೆ ಉಸುರು ಬುಡ್ತೀವಲ್ಲ, ಅಂಗಾ?"

"ಹೂಂ, ಹಂಗೇ."

ಅತ್ತೆ ಎದೆ ತುಂಬ ಉಸಿರು ತೆಗೆದುಕೊಂಡು, "ಹ್ಹನೂರು," ಎಂದರು. ಪರದೆಯ ಮೇಲೆ ಹನೂರು ನಿಧಾನವಾಗಿ ಮೂಡಿತು. ಬಸ್‌ಸ್ಟ್ಯಾಂಡು, ರಸ್ತೆ, ಹೊಲಗಳ ಚೌಕಗಳು. ಅಷ್ಟು ವಯಸ್ಸಿನಲ್ಲಿ ಅವರು ಹಕಾರ ಕಲಿತರು, ಅದೂ ಆ ಮೈಕಿಗೆ ಮಾತ್ರ. ನನ್ನ ಜೊತೆ, ಮಗನ ಜೊತೆ, ಹಾಲಿನವನ ಜೊತೆ ಅವರಿಗೆ ಅದು ಯಾವತ್ತೂ ಬೇಕಾಗಲಿಲ್ಲ.

ಸಂಜೆ ಯಳಂದೂರಿಗೆ ಹೊರಟಾಗ ಅವರು ಬಾಗಿಲಲ್ಲಿ ನಿಂತು ನನಗೆ ಹೇಳಿದ್ದು ಇಷ್ಟು: "ನೀವು ಪೆದ್ದರು ಅಂತ ಹಂಗಾಗಿದ್ದಲ್ಲ ಮೇಡಂ. ನಮ್ಮನೇಲೂ ಆಗಿತ್ತು. ಹೆದರಿಸಿದ್ರೆ ಯಾರಾದ್ರೂ ಹೆದರ್ತಾರೆ."

ರಿಪೇರಿಯ ಆ ಮನುಷ್ಯ ಮತ್ತೆ ಫೋನ್ ಮಾಡಿದ. ಬೇರೆ ಬೇರೆ ನಂಬರುಗಳಿಂದ, ವಾರವಿಡೀ. ಮೊದಲ ಸಲ ಎತ್ತಿ, "ಮೇಡಂ, ನಿಮ್ಮ ರಿಪೇರಿ ಅರ್ಧಕ್ಕೆ ನಿಂತಿದೆ," ಎಂಬ ಆ ಮೆತ್ತಗಿನ ದನಿ ಕೇಳಿದೊಡನೆ ಫೋನಿಟ್ಟೆ. ಬಂದ ನಂಬರುಗಳನ್ನೆಲ್ಲ ತಡೆಹಿಡಿದೆ. ಹತ್ತನೆಯ ದಿನದ ಹೊತ್ತಿಗೆ ನಿಂತುಹೋಯಿತು.

ಅತ್ತೆ ಆ ಹೊತ್ತಿಗಾಗಲೇ ದೂರ ಹೋಗಿದ್ದರು.

ಊರು ಅವರಿಗೆ ಒಂದೇ ಸಲಕ್ಕೆ ಸಿಗಲಿಲ್ಲ. ಮೈಕಿಗೆ ಹೆಸರು ಹೇಳಿದಾಗ ಭೂಪಟವೇನೋ ಗೋಪಿನಾಥಂಗೆ ಒಯ್ದು ನಿಲ್ಲಿಸಿತು. ಅತ್ತೆ ನೋಡಿ ತಲೆಯಾಡಿಸಿಬಿಟ್ಟರು. "ಇದಲ್ಲ ಕಣವ್ವ. ನಾ ಯಾವತ್ತು ಆಕಾಸದಿಂದ ನೋಡಿದ್ದನು ನಮ್ಮೂರ್ನ?" ಎಂದರು. ಅದು ನಿಜ. ಊರನ್ನು ಅವರು ಬಲ್ಲದ್ದು ನಡೆದು. ಹಾಗಾಗಿ ನಡೆದೇ ಹೋಗುವುದೆಂದು ತೀರ್ಮಾನಿಸಿದರು. ಕೊಳ್ಳೇಗಾಲದ ನಮ್ಮ ಮಾಡಿನಿಂದ ಹೊರಟರು. ದಿನಕ್ಕೊಂದಿಷ್ಟು. ಹಳದಿ ಬಾಣ ರಸ್ತೆಯ ಮೇಲೆ ಇರುವೆಯ ಹಾಗೆ ಸಾಗುತ್ತಿತ್ತು. ಹನೂರಿಗೆ ಒಂದು ದಿನ, ಕೌದಳ್ಳಿಗೆ ಒಂದು ದಿನ. ಮಾದಪ್ಪನ ಬೆಟ್ಟದಲ್ಲಿ ಎರಡು ದಿನ ತಂಗಿದರು. ಮಧ್ಯಾಹ್ನದ ಊಟವಾದ ಮೇಲೆ, "ನಾ ಒಂಟೆ ಕಣವ್ವ," ಎಂದು ಊರಿಗೆ ಹೊರಟವರ ಹಾಗೆ ಹೇಳಿ ಕುರ್ಚಿಗೆ ಬರುತ್ತಿದ್ದರು. ನಾನು ಮಂಚದ ಮೇಲೆ ಅವರ ಜಾಗದಲ್ಲಿ ಒರಗುತ್ತಿದ್ದೆ. ಮಗ್ಗದ ಸದ್ದಿನೊಳಗೆ ನನಗೆ ಜೊಂಪು ಹತ್ತುತ್ತಿತ್ತು. ಅರೆಗಣ್ಣಿನಲ್ಲಿ ನೋಡಿದರೆ, ಅತ್ತೆಯ ಬಿಳಿ ತಲೆಯ ಆಚೆ ಹಸಿರು ಮಡಿಕೆ ಮಡಿಕೆಯಾಗಿ ಸರಿಯುತ್ತಿತ್ತು. ಬೆಟ್ಟಗಳು ಹಾಸಿಗೆಯ ಮೇಲೆ ಎಸೆದ ಸೀರೆಯಂತೆ ಬಿದ್ದಿರುತ್ತಿದ್ದವು.

ಪಾಲಾರಿನ ಹತ್ತಿರ ಒಂದು ವಿಚಿತ್ರ ಇತ್ತು. ಕಾಡಿನ ಮೇಲೆ ಅಳತೆಪಟ್ಟಿಯಿಟ್ಟು ಎಳೆದಂತೆ ನೇರ ಗೆರೆ. ಗೆರೆಯ ಈಚೆ ಎಲ್ಲ ಒಣಗಿ ಕಂದು, ಆಚೆ ಕಡುಹಸಿರು. ಬೇರೆ ಬೇರೆ ತಿಂಗಳು ತೆಗೆದ ಎರಡು ಚಿತ್ರಗಳನ್ನು ಅಲ್ಲಿ ಜೋಡಿಸಿದ್ದಾರೆ ಎಂದು ನಾನು ವಿವರಿಸಿದೆ. ಅತ್ತೆಗೆ ಆ ವಿವರಣೆ ಬೇಕಿರಲಿಲ್ಲ. "ಆ ದಾರೀಲಿ ಅಂಗೇ ಅಲ್ವಾ. ಇತ್ಲಾಗೆ ಬಿಸ್ಲು, ಅತ್ಲಾಗೆ ಮಳೆ," ಎಂದು ಬೇಸಿಗೆಯಿಂದ ಮಳೆಗಾಲದೊಳಕ್ಕೆ ಬಾಣವನ್ನು ದಾಟಿಸಿದರು.

ಹತ್ತನೆಯದೋ ಹನ್ನೊಂದನೆಯದೋ ದಿನ ಅವರು ಊರು ತಲುಪಿದರು. ನನಗೆ ಎಚ್ಚರವಾದದ್ದು ಅವರ ದನಿಗೆ. ನನ್ನನ್ನು ಕರೆದದ್ದಲ್ಲ, ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. "ಇಲ್ಲಿ ಬಲಕ್ಕೆ. ಇಲ್ಲಿ ಉಣಸೇಮರ. ಇಲ್ಲಿ ಇಳೀಬೇಕು." ಎದ್ದು ಅವರ ಹಿಂದೆ ನಿಂತೆ. ಹೆಬ್ಬೆರಳಿನ ಉಗುರಿನಷ್ಟು ಒಂದು ಕೆಂಚು ಮಾಡು, ಅದರ ಮುಂದೆ ಅಂಗಳ, ಅಂಗಳದಲ್ಲಿ ಒಂದು ಬಿಳಿ ಚುಕ್ಕೆ.

"ಹಸು," ಎಂದರು ಅತ್ತೆ. ಊರು ಹುಡುಕಿಸಲು ಕಲಿತ ಹಕಾರ ಆ ಒಂದು ಸಲ ತಾನಾಗಿ ಬಂದಿತ್ತು. ಅವರಿಗೇ ಗೊತ್ತಾಗಲಿಲ್ಲ.

ಅದು ಹಸುವೋ, ಒಣಗಲು ಹಾಕಿದ ಬಟ್ಟೆಯೋ, ನೀರಿನ ಟ್ಯಾಂಕೋ ನನಗೆ ತಿಳಿಯಲಿಲ್ಲ. ಅತ್ತೆಗೆ ಸಂಶಯವಿರಲಿಲ್ಲ. ಅಂದಿನಿಂದ ದಿನವೂ ಹೋಗಿ ಹಸುವನ್ನು ನೋಡಿ ಬರುತ್ತಿದ್ದರು. ಆ ಚಿತ್ರ ಯಾವತ್ತೋ ತೆಗೆದದ್ದು, ದಿನವೂ ಅದೇ ಇರುತ್ತದೆ ಎಂದು ಹೇಳಿದೆ. "ಗೊತ್ತು ಬುಡು," ಎಂದರು. ರಜೆ ಮುಗಿದು ನಾನು ಶಾಲೆಗೆ ಹೋಗತೊಡಗಿದ ಮೇಲೂ ಅವರೊಬ್ಬರೇ ಕೂತು ನೋಡುತ್ತಿದ್ದರು. ಕಂಪ್ಯೂಟರು ಹಚ್ಚುವುದು, ತಮ್ಮ ಖಾತೆಯ ಗುರುತು ಒತ್ತುವುದು, ಕೆಲಸ ಮುಗಿದ ಮೇಲೆ ಆರಿಸುವುದು ಎಲ್ಲ ಬಂದಿತ್ತು. ನಡುವೆ ಏನಾದರೂ ಗೊತ್ತಿಲ್ಲದ್ದು ಮೂಡಿದರೆ ಒತ್ತದೆ ಹಾಗೇ ಬಿಟ್ಟು, ಸಂಜೆ ನನಗೆ ತೋರಿಸುತ್ತಿದ್ದರು. ಎಷ್ಟೋ ಸಲ ಅದು ಹೊಸ ಅಪ್‌ಡೇಟ್ ಬಂದಿದೆ ಎನ್ನುವ ಸಾಧಾರಣ ಸುದ್ದಿಯೇ ಆಗಿರುತ್ತಿತ್ತು. ನಾವಿಬ್ಬರೂ ಸೇರಿ ಓದಿ ಒಪ್ಪಿಗೆ ಕೊಡುತ್ತಿದ್ದೆವು.

ಶ್ರಾವಣದಲ್ಲಿ ಒಂದು ಸಂಜೆ ಮನೆಗೆ ಬಂದಾಗ ಅತ್ತೆ ಕಂಪ್ಯೂಟರು ಆರಿಸಿ ಅದರ ಮುಂದೆಯೇ ಕೂತಿದ್ದರು. ಹಚ್ಚಿ ನೋಡಿದೆ, ಭೂಪಟದವರು ಚಿತ್ರ ಬದಲಿಸಿದ್ದರು. ಊರೆಲ್ಲ ಹಸಿರಾಗಿತ್ತು, ಕೆರೆ ತುಂಬಿತ್ತು. ಅಂಗಳ ಖಾಲಿ. ಅತ್ತೆ ಊಟ ಸರಿಯಾಗಿ ಮಾಡಲಿಲ್ಲ. ನಾನು ಮಾರ್ಟಳ್ಳಿಯ ಅಕ್ಕನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಅತ್ತೆಯ ಕೈಗೆ ಕೊಟ್ಟೆ. ವಿಷಯ ಪೂರ್ತಿ ಅರ್ಥವಾಯಿತೋ ಇಲ್ಲವೋ, ಆ ಹಿರಿಯಾಕೆ, "ಮೇಯಕ್ಕೆ ಓಗಿರ್ತದ ಬುಡು ತಂಗಚ್ಚಿ," ಎಂದರು. ಅಷ್ಟಕ್ಕೆ ಅತ್ತೆಗೆ ಸಮಾಧಾನವಾಯಿತು. ಆಮೇಲೆ ಉಂಡರು.

ದೀಪಾವಳಿ ಮುಗಿದ ಮೇಲೆ ಅಕ್ಕ ತಾವೇ ಬಸ್ಸಿನಲ್ಲಿ ಬಂದಿಳಿದರು. ಅತ್ತೆಗಿಂತ ಆರು ವರ್ಷ ದೊಡ್ಡವರು, ಕೈಯಲ್ಲಿ ಒಣಮೀನಿನ ಪೊಟ್ಟಣ. ಊಟವಾದ ಮೇಲೆ ಎರಡು ಕುರ್ಚಿ ಹಾಕಿಸಿಕೊಂಡು ಇಬ್ಬರೂ ಪರದೆಯ ಮುಂದೆ ಕೂತರು. ನನಗೆ ಶನಿವಾರದ ಅರ್ಧ ದಿನದ ಶಾಲೆ ಮುಗಿದಿತ್ತು, ಮಂಚದ ಮೇಲೆ ಒರಗಿದ್ದೆ.

"ಅಪ್ಪ ತೆಪ್ಪ ಕಟ್ತಿದ್ದು ಇಲ್ಲಿ," ಎಂದರು ಅತ್ತೆ.

"ಇಲ್ಲೈ, ಅಲ್ಲ. ಅದ್ರಿಂದ ಕೆಳಗೆ. ಆ ಬಂಡೆ ತಾವ," ಎಂದರು ಅಕ್ಕ.

"ಬಂಡೆ ತಾವ ನಾವು ಬಟ್ಟೆ ಒಗೀತಿದ್ದು."

"ಆಮಾ, ಔದು. ತೆಪ್ಪಾನೂ ಅಲ್ಲೇ. ನೀ ಆಗ ಸಣ್ಣೋಳು, ನಿಂಗೇನ್ ಗೊತ್ತು."

ಅತ್ತೆ ಒಪ್ಪಲಿಲ್ಲ. ಬಾಣವನ್ನು ಮೇಲಕ್ಕೆ ಒಯ್ದರು, ಅಕ್ಕ ಕೈ ಮೇಲೆ ಕೈಯಿಟ್ಟು ಕೆಳಕ್ಕೆ ಎಳೆದರು. ಸ್ವಲ್ಪ ಹೊತ್ತು ತಮಿಳು, ಸ್ವಲ್ಪ ಹೊತ್ತು ಕನ್ನಡ. ತೆಪ್ಪದಿಂದ ಬಾವಿಗೆ ಬಂದರು, ಬಾವಿಯಿಂದ ಯಾರದೋ ಮದುವೆಗೆ ಹೋದರು. ಕಾಫಿ ಮಾಡಲು ನಾನು ಎದ್ದು ಒಳಗೆ ಹೋದೆ. ಹಾಲು ಕಾಯುವವರೆಗೂ ಅವರ ಮಾತು ಕೇಳುತ್ತಿತ್ತು. ಲೋಟ ಹಿಡಿದು ಬಂದು ನೋಡಿದರೆ, ಯಾರೂ ಮುಟ್ಟದೆ ಬಿಟ್ಟಿದ್ದರಿಂದ ಪರದೆ ತಾನಾಗಿ ಆರಿ ಕಪ್ಪಾಗಿತ್ತು. ಇಬ್ಬರೂ ಅದನ್ನು ಗಮನಿಸಿರಲಿಲ್ಲ. ಅಕ್ಕ ಎದುರಿಗೆ ಬೆರಳು ಚಾಚಿ, ಅಲ್ಲಿ ನೋಡು, ಆ ತಿರುವಿನಾಚೆ, ಎನ್ನುತ್ತಿದ್ದರು. ಅತ್ತೆ ಮುಂದಕ್ಕೆ ಬಾಗಿ ನೋಡುತ್ತಿದ್ದರು.